ಕೊಳದ ಮೇಲಿನ ಕಾಲುಹಾದಿ

ಎಲೆ ಉದುರುವ ಕಾಲ. ಕಾಲೇಜಿನ ಹಿಂದಿನ ಬಯಲಿನಲ್ಲಿ ಚಿಕ್ಕಪ್ಪ ಬೆಳಗಿನಿಂದ ಗೂಟ ಹೊಡೆದು, ದಾರ ಎಳೆದು, ದಾರದುದ್ದಕ್ಕೂ ಸುಣ್ಣದ ಪುಡಿ ಉದುರಿಸುತ್ತಿದ್ದ. ಗೆರೆ ಎಳೆದಷ್ಟೂ ಅದರ ಮೇಲೆ ಎಲೆ ಬೀಳುತ್ತಿತ್ತು. ಬಗ್ಗಿ ಒಂದೊಂದನ್ನೇ ಆಯ್ದು ಪಕ್ಕಕ್ಕೆ ಹಾಕುತ್ತಿದ್ದ. ಅವನು ಅಲ್ಲಿನ ಮಾಲಿ. ಮಾರನೆಯ ದಿನ ಅಗೆಯುವವರು ಬರುವವರಿದ್ದರು. ಅಗೆಯಬೇಕಾದದ್ದು ಅವನ ಅಣ್ಣನ ಮಗಳು ನಕ್ಷೆ ಮಾಡಿದ ಕೊಳ.

ಉದ್ಯಾನ, ಬಯಲು, ಕೆರೆದಂಡೆಗಳನ್ನು ರೂಪಿಸುವ ವಿದ್ಯೆ ಕಲಿಸುವ ಕಾಲೇಜು ಅದು. ಹುಡುಗಿಗೆ ಕೊನೆಯ ವರ್ಷ. ಈ ಬಯಲಿಗೊಂದು ನಕ್ಷೆ ಮಾಡಿ, ಒಳ್ಳೆಯದನ್ನು ಆರಿಸಿ ನಿಜವಾಗಿಯೇ ಮಾಡಿಸೋಣ ಎಂದು ಮೇಷ್ಟ್ರು ಹೇಳಿದ್ದರು. ಅವಳು ಅಳತೆಯ ಹಾಳೆಯನ್ನು ಕಂಪ್ಯೂಟರಿನ ಎಐಗೆ ಕೊಟ್ಟು, ತನಗೆ ಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕೊಳದ ಚಿತ್ರ ಬಂತು. ಹಾಲಿನಂಥ ಮಂಜು, ದಂಡೆಗೆ ಬಾಗಿದ ಹುಲ್ಲು, ನೀರಿನಲ್ಲಿ ತಲೆಕೆಳಗಾಗಿ ನಿಂತ ಮರಗಳು. ಮೇಷ್ಟ್ರು ಅದನ್ನೇ ಆರಿಸಿದರು. ಚಿತ್ರ ತರಗತಿಯ ಗೋಡೆಗೇರಿದ ದಿನದಿಂದ ಗೆಳತಿಯರು ಅವಳನ್ನು ಕೊಳದಮ್ಮ ಎಂದೇ ಕರೆದರು. ಅವಳೂ ಪಾಠ ಕೇಳುತ್ತ ಕೂತಲ್ಲಿಂದಲೇ ಆ ದಂಡೆಯ ಮೇಲೊಂದು ಸುತ್ತು ಹೋಗಿಬರುತ್ತಿದ್ದಳು. ಎದ್ದಾಗ ಕಾಲು ಒದ್ದೆಯಾದಂತೆನಿಸಿ ಬಗ್ಗಿ ನೋಡಿಕೊಂಡದ್ದೂ ಉಂಟು.

ಸುಣ್ಣದ ಗೆರೆ ಒಂದು ಸುತ್ತು ಕೂಡಿಕೊಳ್ಳುವ ಹೊತ್ತಿಗೆ ಅವಳು ಬಂದು ನಟ್ಟನಡುವೆ ನಿಂತಳು. ಎಲೆಗಳು ಸದ್ದಿಲ್ಲದೆ ಇಳಿಯುತ್ತಿದ್ದವು. ಅವಳ ಪಾಲಿಗೆ ಕೊಳ ಆಗಲೇ ತುಂಬಿತ್ತು. ಹಿಂದಿನ ಗೇಟಿನಿಂದ ಹಾಸ್ಟೆಲಿನ ಬಟ್ಟೆ ಒಗೆಯುವ ಹೆಂಗಸು ಒದ್ದೆ ಗಂಟು ಹೊತ್ತು ಬಂದಳು. ಗೆರೆ ದಾಟಿ, ನೀರಿನ ಮೇಲೆಯೇ, ಒಂದು ಅಲೆಯೂ ಏಳದಂತೆ ನಡೆದು ಬಂದಳು. ಅವಳ ಪಾದದಡಿ ಹುಲ್ಲಿಲ್ಲದ, ಸವೆದು ನುಣುಪಾದ ಕಾಲುಹಾದಿಯೊಂದಿತ್ತು.

"ದಾರೀಲೇ ನಿಂತಿದ್ಯಲ್ಲ ತಾಯಿ, ಚೂರು ಸರಿ."

ಹುಡುಗಿ ಪಕ್ಕಕ್ಕೆ ಸರಿದು ಕಾಲಡಿ ನೋಡಿದಳು. ಟೇಪು ಹಿಡಿದು ಬಯಲು ಅಳೆದ ದಿನ ಚಿಕ್ಕಪ್ಪ ಹೇಳಿದನೆಂದು ಈ ಹಾದಿಯನ್ನೂ ಸೊಟ್ಟಗೆ ಗೀಚಿಕೊಂಡಿದ್ದಳು. ಯಂತ್ರಕ್ಕೆ ಕೊಡುವ ಮುಂಚೆ ಹಾಳೆ ಚೊಕ್ಕವಾಗಿರಲಿ ಎಂದು ತಾನೇ ಅದನ್ನು ಒರೆಸಿದ್ದಳು. ಗೋಡೆಯ ಚಿತ್ರ ನೋಡಿಯೂ ಸುಮ್ಮನಿದ್ದೆ ಯಾಕೆ ಎಂದು ಚಿಕ್ಕಪ್ಪನನ್ನು ಕೇಳಿದಳು.

"ಅಷ್ಟು ಚೆಂದದ ನೀರು ನೋಡಿ ನನಗೂ ಮರ್ತೇ ಹೋಯ್ತು ಮಗಾ," ಎಂದ ಅವನು.

ಮೇಷ್ಟ್ರಿಗೆ ಇದೊಂದು ದೊಡ್ಡ ವಿಷಯವೆನಿಸಲಿಲ್ಲ. ಹಾದಿಯನ್ನು ದಂಡೆಯ ಮೇಲೆ ಬಳಸಿಕೊಂಡು ಹೋಗುವಂತೆ ಎಐಗೆ ಹೇಳು ಎಂದರು. ಹೇಳಿದಳು. ಹೊಸ ಹಾದಿ ಎಳೆಬಳ್ಳಿಯ ಹಾಗೆ ನೀರನ್ನು ಸುತ್ತಿಕೊಂಡಿತು. ಚಿತ್ರ ಮೊದಲಿಗಿಂತ ಚೆನ್ನಾಗಿಯೇ ಬಂತು. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಬಯಲಿಗೆ ಹೋಗಿ, ಒಂದು ಗಂಟು ತಾನು ಹೊರುತ್ತೇನೆಂದು ಆ ಹೆಂಗಸನ್ನು ಕೇಳಿದಳು. ಓದಿ ಓದಿ ಕೊಬ್ಬು ಜಾಸ್ತಿಯಾಗಿರಬೇಕು ಎಂದು ನಗುತ್ತ ಆಕೆ ಗಂಟು ಎತ್ತಿ ಹೊರಿಸಿದಳು. ಹುಡುಗಿ ಸುಣ್ಣದ ಗೆರೆ ಹಿಡಿದು ಬಳಸಿಕೊಂಡು ನಡೆದಳು. ಅರ್ಧ ಸುತ್ತಿಗೇ ಕುತ್ತಿಗೆ ಮರಗಟ್ಟಿತು, ತಣ್ಣನೆ ನೀರು ಬೆನ್ನಿಗಿಳಿಯಿತು. ದಿನಕ್ಕೆ ಎಷ್ಟು ಗಂಟು ಎಂದು ಕೇಳಿದ್ದಕ್ಕೆ, ಮುಗಿಯೋವರೆಗೂ ಎಂಬ ಉತ್ತರ ಬಂತು.

ಬೆನ್ನು ಒದ್ದೆಯಾಗಿರುವಂತೆಯೇ ಹೋಗಿ ಮೇಷ್ಟ್ರ ಬಾಗಿಲಲ್ಲಿ ನಿಂತಳು.

"ಕೊಳ ಬೇಡ ಮೇಷ್ಟ್ರೇ."

"ಯಂತ್ರ ತಪ್ಪು ಮಾಡ್ತು ಅಂತ ಬರೆದ್ಕೋತೀನಿ. ನಿನ್ನ ಅಂಕ ಉಳಿಯುತ್ತೆ."

"ನಾನು ಕೊಟ್ಟಿದ್ದನ್ನಷ್ಟೇ ಅದು ನೋಡ್ತು. ಹಾದಿ ಅಳಿಸಿದ್ದು ನಾನು."

ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆಮೇಲೆ ಅಂಕಪಟ್ಟಿಯಲ್ಲಿ ಅವಳ ಸಾಲಿಗೆ ಅಡ್ಡಗೆರೆ ಎಳೆದು, ಮುಂದಿನ ವರ್ಷ ಮತ್ತೆ ಇದೇ ಬಯಲಿನಿಂದ ಶುರು ಮಾಡು ಎಂದರು.

ಸಂಜೆ ಚಿಕ್ಕಪ್ಪ ಸುಣ್ಣ ಗುಡಿಸುತ್ತಿದ್ದ. ಆ ಹೆಂಗಸು ಕೊನೆಯ ಗಂಟು ಇಳಿಸಿ ಬರಿಗೈಲಿ ವಾಪಸು ಹೊರಟಿದ್ದಳು. ಬೆಳಗಿನಿಂದ ಅಲ್ಲೇನು ರಂಗೋಲಿ ಎಂದು ನಡೆಯುತ್ತಲೇ ಕೇಳಿದಳು. ನಿಮ್ಮ ದಾರಿ ಮುಚ್ಚುತ್ತಿದ್ದೆ, ತಪ್ಪಾಯಿತು ಎನ್ನಲು ಹುಡುಗಿ ಬಾಯಿ ತೆರೆದಳು. ಅಷ್ಟರಲ್ಲಿ ಆಕೆ ಗೇಟು ದಾಟಿ ಹೋಗಿಯಾಗಿತ್ತು.