ಗೋಡೆಗೆ ಒರಗಿಸಿಟ್ಟ ಊರುಗೋಲು

ನಾನು ಒಂದು ಊರುಗೋಲು. ಮಂಗಳೂರಿನ ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ಲಿಗೋರಿ ಎಂಬ ಬಡಗಿ ನನ್ನನ್ನು ಮಾಡಿದ, ಮಣ್ಣು ಒತ್ತುವ ಯಂತ್ರಕ್ಕೆ ಪಾದ ಸಿಕ್ಕಿದ್ದ ಶೇಸಪ್ಪನಿಗಾಗಿ. ಕಂಕುಳಿಗೆ ನೋವಾಗದಿರಲೆಂದು ತನ್ನ ಹಳೆಯ ಅಂಗಿಯನ್ನೇ ಹರಿದು ಸುತ್ತಿದ.

ಗುಣವಾದ ಮೇಲೆ ಶೇಸಪ್ಪ ನನ್ನನ್ನು ಚಹಾದ ಹೋಟೆಲಿನ ಹೊರಗೋಡೆಗೆ ಒರಗಿಸಿ, ಹಿಂತಿರುಗಿ ನೋಡದೆ ಹೋದ. ಅಲ್ಲಿನ ಕೆಲಸಗಾರರ ರೂಢಿ ಅದು. ಊರುಗೋಲನ್ನು ಕೈಯಿಂದ ಕೈಗೆ ಕೊಟ್ಟರೆ ನೋವೂ ಜೊತೆಗೆ ಹೋಗುತ್ತದಂತೆ. ಆ ಗೋಡೆಗೆ ಒರಗಿಸಿದ್ದರೆ ಬೇಕಾದವರು ಕೇಳದೆ ಒಯ್ಯಬಹುದು. ಹಾಗೆ, ಮೀನಿನ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಮಂಜುಗಡ್ಡೆ ಕಾಲ ಮೇಲೆ ಬಿದ್ದವನೊಬ್ಬನ ಜೊತೆ ಒಂದು ಮಳೆಗಾಲ ಕಳೆದೆ. ಆಮೇಲೆ ವಾರಿಜ ಬಂದಳು.

ಗೇರುಬೀಜದ ಕಾರ್ಖಾನೆಯ ಎಣ್ಣೆ ನೆಲದಲ್ಲಿ ಜಾರಿ ಅವಳ ಕಣಕಾಲು ಮುರಿದಿತ್ತು. ಬೆಳಿಗ್ಗೆ ಸೈರನ್ ಕೂಗಿದರೆ ಎಂದಿನಂತೆ ತಲೆ ಬಾಚಿಕೊಂಡು, ನನ್ನನ್ನು ಮಡಿಲಲ್ಲಿಟ್ಟು ಹೊಸ್ತಿಲಲ್ಲಿ ಕೂರುತ್ತಿದ್ದಳು. ಕೆಲಸಕ್ಕೆ ಹೋಗುವ ಹೆಂಗಸರ ನಗು ದೂರವಾಗುವವರೆಗೂ ಅವಳ ಬೆರಳುಗಳು ಬೀಜದ ಸಿಪ್ಪೆ ಬಿಡಿಸುವಂತೆ ನನ್ನ ಮೇಲೆ ಆಡುತ್ತಿದ್ದವು.

ಒಂದು ಸಂಜೆ ಅವಳ ಜೊತೆ ಕೆಲಸ ಮಾಡುವ ಸೆಲಿನ್ ಬಂದಳು.

“ಕಿಟಕಿ ಹತ್ತಿರದ ನಿನ್ನ ಜಾಗದಲ್ಲಿ ನನ್ನ ಚೀಲ ಇಟ್ಟು ಕಾಯ್ತಾ ಇದ್ದೇನೆ ಮಾರಾಯ್ತಿ. ನಾಳೆ ನೀನು ಬಾರದಿದ್ದರೆ ಬೇರೆಯವಳನ್ನು ಕೂರಿಸ್ತೇನೆ ಅಂತ ಮೇಸ್ತ್ರಿ ಹೇಳಿದ್ದಾರೆ.”

“ಬರ್ತೇನೆ.”

“ಈ ಮರದ ಗಂಡನನ್ನು ಕಟ್ಟಿಕೊಂಡಾ? ಗೇಟಲ್ಲೇ ವಾಪಸು ಕಳಿಸ್ತಾರೆ.”

“ಅವನನ್ನು ಹೊರಗೆ ನಿಲ್ಲಿಸುವ. ಗಂಡಸರಿಗೆ ಒಳಗೆ ಎಂತ ಕೆಲಸ?”

ಮರುದಿನ ಸೈರನ್ ಆಗಲೇ ಕೂಗುತ್ತಿತ್ತು. ಅವಸರದಲ್ಲಿ ಬೇರೆ ಜಾಗ ಹೊಳೆಯದೆ, ಗೇಟಿನೆದುರಿನ ಅದೇ ಹೋಟೆಲಿನ ಗೋಡೆಗೆ ನನ್ನನ್ನು ಒರಗಿಸಿದಳು. “ಸಂಜೆವರೆಗೆ ಇಲ್ಲೇ ಇರು” ಎಂದು ಹಲ್ಲು ಕಚ್ಚಿಕೊಂಡು ಒಳಗೆ ನಡೆದಳು.

ಕೆಲಸ ಬಿಡುವ ಹೊತ್ತಿಗೆ ಮರದ ಮಿಲ್ಲಿನ ಇಸುಬು ಕುಂಟುತ್ತಾ ಬಂದ. ದಿಮ್ಮಿ ಉರುಳಿ ಅವನ ಮೊಣಕಾಲು ಬಾತಿತ್ತು.

“ಯಾರೋ ಪುಣ್ಯವಂತರಿಗೆ ಗುಣ ಆಗಿದೆ” ಎಂದು ನನ್ನನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟ.

ನಾವು ತಿರುವು ದಾಟುವ ಮುನ್ನ ಗೇಟು ತೆರೆಯಿತು. ವಾರಿಜ ನಮ್ಮನ್ನು ಕಂಡಳು. ಒಮ್ಮೆ ಕೂಗಿದ್ದರೆ ಇಸುಬು ನಿಲ್ಲುತ್ತಿದ್ದ. ಆದರೆ ಅವಳ ಪಕ್ಕದಲ್ಲೇ ಮೇಸ್ತ್ರಿ ನಿಂತಿದ್ದ. ಅವಳು ಸೆಲಿನ್‌ಳ ಹೆಗಲಿಗೆ ಕೈ ಹಾಕಿ, ಏನೋ ತಮಾಷೆಗೆ ನಗುವವಳಂತೆ ನಗುತ್ತಾ, ನೆಟ್ಟಗೆ ನಡೆದುಹೋದಳು.

ಈಗ ಆ ಹೋಟೆಲೂ ಇಲ್ಲ, ಗೋಡೆಯೂ ಇಲ್ಲ. ಇಸುಬುವಿನ ಅಟ್ಟದಲ್ಲಿ ಮಲಗಿದ್ದೇನೆ. ಒಂದು ಬದಿಗೆ ಗೆದ್ದಲು ಹತ್ತಿದೆ. ಊರುಗೋಲಾಗಿ ಹುಟ್ಟಿದ ಮೇಲೆ ತಾನು ಯಾರಿಗೂ ಬೇಡವಾಗಲಿ ಎಂದೇ ಹಾರೈಸಬೇಕು. ಹಾಗೆಯೇ ಹಾರೈಸುತ್ತೇನೆ. ಆದರೂ ಅವಳು ಕೂಗದೆ ನುಂಗಿದ ಆ ಒಂದು ಕೂಗಿಗೆ ಇನ್ನೂ ಕಿವಿಗೊಟ್ಟೇ ಇದ್ದೇನೆ.