ಪಟ್ಟದ ಕೋಣ

ಉಲ್ಲಾಸನ ಬ್ಲಾಗಿಗೆ ಹೆಸರಿರಲಿಲ್ಲ. ಮೊದಲ ಬರಹ ಸಿದ್ಧವಿತ್ತು: ಊರ ಕೆರೆಯ ಮಣ್ಣನ್ನು ಅದೇ ಊರಿನ ಸದಾಶಿವ ಜೆಸಿಬಿ ಹಚ್ಚಿ ಅಗೆದು ಇಟ್ಟಿಗೆ ಭಟ್ಟಿಗೆ ಮಾರುತ್ತಿದ್ದ. ಫೋಟೋಗಳೂ ಇದ್ದವು. 'ಕೆರೆ' ಎಂಬ ಹೆಸರನ್ನು ಯಾರೋ ಆಗಲೇ ಇಟ್ಟುಕೊಂಡಿದ್ದರು. 'ಊರ ಕಣ್ಣು' ಎಂದಿಡೋಣವೆಂದರೆ ಅವನಿಗೇ ನಗು ಬಂತು.

"ಪಟ್ಟದ ಕೋಣ ಅಂತ ಇಡ್ತೀನಿ," ಎಂದ ಅಕ್ಕನಿಗೆ. ಊರದೇವಿ ದ್ಯಾಮವ್ವನ ಹೆಸರಿನಲ್ಲಿ ಬಿಟ್ಟ ಕೋಣ ಅದು. ಯಾರ ಹೊಲಕ್ಕೆ ನುಗ್ಗಿದರೂ ದಾಸನಕೊಪ್ಪದಲ್ಲಿ ಅದರ ಮೇಲೆ ಯಾರೂ ಕೋಲೆತ್ತುವುದಿಲ್ಲ.

ಅಕ್ಕ ದಾಕ್ಷಾಯಿಣಿ ರೊಟ್ಟಿ ತಟ್ಟುತ್ತಿದ್ದಳು. "ಜನ ನಿನಗ ಬೈಯಾಕ ಹೆಸರು ಹುಡುಕ್ತಿದ್ರು. ನೀನ ಹೇಳಿಕೊಟ್ಟಿ ನೋಡು."

"ಅಡಿಬರಹ ಕೇಳಿಲ್ಲಿ. 'ಎಲ್ಲರ ಹೊಲ ಮೇಯುತ್ತೆ, ಯಾರೂ ಹೊಡೆಯುವಂತಿಲ್ಲ.'"

"ಖರೆ. ಮೇಯ್ಸಿ ಮೇಯ್ಸಿ ಕಡೀಗೆ ಏನ್ ಮಾಡ್ತಿದ್ರು ಅದಕ್ಕ?"

"ಕಡಿಯೋದು ಅಜ್ಜನ ಕಾಲಕ್ಕ ಮುಗೀತಕ್ಕ. ಈಗ ಸೂಜಿ ಚುಚ್ಚಿ ಒಂದ್ ಹನಿ ರಕ್ತ ತೆಗೀತಾರ, ಅಷ್ಟ."

ಸಂಜೆಯೊಳಗೆ ಬರಹ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು.

ಮರುದಿನ ಉಲ್ಲಾಸ ಶಿರಸಿ ಬಸ್ಸಿಗೆ ಕಾಯುತ್ತಿದ್ದಾಗ ಸದಾಶಿವ ಬೈಕಿನಿಂದ ಇಳಿದ. ಕೈಯಲ್ಲಿ ಜಾಕಿನ ರಾಡು.

"ಬರ್ರಿ ಕೋಣಪ್ಪಾರ. ಮಣ್ಣಿಂದು ಬರದದ್ದಕ್ಕ ಸಿಟ್ಟಿಲ್ಲ ನನಗ. ಪೇಪರ್‌ನ್ಯಾಗೂ ಬಂದಿತ್ತು, ಏನಾತು? ಯಾರೂ ಹೊಡೆಯುವಂತಿಲ್ಲ ಅಂದಿಯಲ್ಲ, ಅದನ್ನ ಯಾರನ್ನ ಕೇಳಿ ಬರದಿ?"

ಮೊದಲ ಏಟು ಮೊಣಕಾಲಿಗೆ. ಉಲ್ಲಾಸ ಬಿದ್ದ. ಮುಂದಿನದು ಬಾಯಿಗೆ. ನಿಂತಿದ್ದವರು ಚೀಲ ಎತ್ತಿಕೊಂಡು ಹಿಂದೆ ಸರಿದರು. "ತಲಿಗೆ ಬ್ಯಾಡೋ ಸದಾಶಿವಾ," ಎಂದ ಒಬ್ಬ.

"ತಲಿಗೆ ಹಾಕಂಗಿಲ್ಲ ಬಿಡು." ಸದಾಶಿವ ಉಲ್ಲಾಸನ ಜೇಬಿನಿಂದ ಮೊಬೈಲು ಕಿತ್ತು ಅವನ ಮುಖಕ್ಕೆ ಹಿಡಿದ. "ಅಡಿಬರಹ ಓದು."

ಉಲ್ಲಾಸ ರಕ್ತ ಉಗುಳಿ ಓದಿದ. 'ಯಾರೂ' ಎಂಬಲ್ಲಿಗೆ ಬಂದಾಗ ರಾಡು ಬಲಗೈ ಮೇಲೆ ಬಿತ್ತು. ಬೆರಳು ಮುರಿದ ಸದ್ದು ಕೇಳಿಸಿತು.

"ಮತ್ತ ಓದು."

ಓದಿದ. ಅದೇ ಜಾಗದಲ್ಲಿ ಅದೇ ಕೈಗೆ ಬಿತ್ತು.

"ಸುಳ್ಳು ಅಳಿಸು. ಉಳದದ್ದು ಇರ್ಲಿ."

ಎಡಗೈ ಹೆಬ್ಬೆರಳಿನಿಂದ ಉಲ್ಲಾಸ ಅಳಿಸಿದ. ಬಸ್ಸು ಬಂತು. ಡ್ರೈವರ್ ಹಾರ್ನ್ ಮಾಡಿ ಇಬ್ಬರನ್ನೂ ಸುತ್ತುಹಾಕಿಕೊಂಡು ಹೋದ.

ಕೆರೆಯ ಬರಹ ಹಾಗೇ ಇದೆ. ಜೆಸಿಬಿಯೂ ನಿಂತಿಲ್ಲ. ಹೋದದ್ದು ಎರಡು ಹಲ್ಲು, ಬಲಗೈಯ ಒಂದು ಬೆರಳು, ಅಡಿಬರಹದ ಎರಡು ಪದ.