ಪಿಲೂನೋ, ಪಿಲೇಗೋ?

ಬೆಳಗಿನ ಏಳು ಗಂಟೆ. ಕಾಟಪ್ಪ ಮನೆಯ ಮುಂದೆ ಗಾಡಿ ಹೂಡಿದ್ದ. ಊರು ಬಿಡುವುದೆಂದು ತೀರ್ಮಾನವಾಗಿತ್ತು.

೧೯೫೭ರ ಆಷಾಢ. ಹುಲಿಕುಂಟೆ ಹೋಬಳಿಯ ಆ ಹಳ್ಳಿಯಲ್ಲಿ ಮನೆಮನೆಯಲ್ಲೂ ಯಾರಾದರೊಬ್ಬರು ಜ್ವರ ಬಂದು ಮಲಗಿದ್ದರು. ಮದರಾಸಿನ ಕಡೆಯಿಂದ ಪಿಲೇಗು ಬಂದಿದೆ ಎಂಬ ಮಾತು ಹಿಂದಿನ ದಿನ ಕಾಟಪ್ಪನ ಕಿವಿಗೆ ಬಿದ್ದಿತ್ತು. ಪ್ಲೇಗು ಎಂದರೆ ಏನು ಮಾಡಬೇಕೆಂದು ಆ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಊರು ಬಿಡಬೇಕು, ಹೊಲದಲ್ಲಿ ಗುಡಿಸಲು ಹಾಕಬೇಕು, ಮನೆಯ ಹೆಂಚು ತೆಗೆದು ಒಳಗೆ ಬಿಸಿಲು ಬೀಳಿಸಬೇಕು. ಕಾಟಪ್ಪ ಚಿಕ್ಕವನಾಗಿದ್ದಾಗ ಹೀಗೇ ಆಗಿತ್ತು. ಆಗ ಅವನ ಅಪ್ಪ "ನಾಳೆ ನೋಡಾನ" ಎಂದು ತಡಮಾಡಿದ್ದ. ಆ ನಾಳೆ ಬರುವಷ್ಟರಲ್ಲಿ ಕಾಟಪ್ಪನ ಅವ್ವ ಇರಲಿಲ್ಲ.

ಆದ್ದರಿಂದ ಈ ಸಲ ತಡಮಾಡುವಂತಿರಲಿಲ್ಲ. ಬಿದಿರು ಗಳ, ಈಚಲು ಚಾಪೆ, ರಾಗಿ ಮೂಟೆ ಗಾಡಿಗೆ ಏರಿದ್ದವು. ಮಗ ಓಬಳಯ್ಯ ಎತ್ತು ಹಿಡಿದು ನಿಂತಿದ್ದ. ಇನ್ನು ಗಾಡಿ ಹತ್ತಿಸಬೇಕಾದದ್ದು ಸೊಸೆ ಲಕ್ಕಮ್ಮನನ್ನು. ಅವಳು ಏಳು ತಿಂಗಳ ಬಸುರಿ, ಎರಡು ದಿನದಿಂದ ಜ್ವರ. ಹೊರಗೆ ಆಷಾಢದ ಗಾಳಿ ತುಂತುರನ್ನೂ ಧೂಳನ್ನೂ ಒಟ್ಟಿಗೇ ಎರಚುತ್ತಿತ್ತು.

ಕಾಟಪ್ಪನ ಹೆಂಡತಿ ಮುದ್ದಕ್ಕ ಸೊಸೆಯನ್ನು ಎಬ್ಬಿಸಲಿಲ್ಲ. ಅವಳು ಹುಣಿಸೆಹಣ್ಣು ಕೊಳ್ಳುವಾಗಲೂ ಬೀಜ ಎಷ್ಟಿದೆಯೆಂದು ಹಿಸುಕಿ ನೋಡುವ ಹೆಂಗಸು. ಮಾತನ್ನೂ ಹಾಗೆಯೇ ಹಿಸುಕಿ ನೋಡುತ್ತಿದ್ದಳು.

"ಇಲಿ ಎಲ್ಲಿ ಬಿದ್ದೈತೆ?" ಎಂದಳು.

"ಇಲಿ ಬೀಳೋಗಂಟ ಕಾಯ್ತೀಯೇನೇ?"

"ಕಾಯಾಕಿಲ್ಲ. ಬಿದ್ದೈತಾ ಅಂತ ಕೇಳ್ದೆ."

ಪ್ಲೇಗಿನಲ್ಲಿ ಮನುಷ್ಯರಿಗಿಂತ ಮೊದಲು ಇಲಿಗಳು ಸಾಯುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮುದ್ದಕ್ಕ ಬುಡ್ಡಿ ದೀಪ ಹಿಡಿದು ಅಟ್ಟ ಹತ್ತಿದಳು. ಊರೆಲ್ಲ ಹೊರಟು ನಿಂತಿರುವಾಗ ಇವಳು ಇಲಿಗೆ ಹೆಣ್ಣು ನೋಡಲು ಹೋಗಿದ್ದಾಳೆ ಎಂದು ಪಕ್ಕದ ಮನೆಯ ಪಾಪಕ್ಕ ನಕ್ಕಳು. ಸ್ವಲ್ಪ ಹೊತ್ತಿಗೆ ಮುದ್ದಕ್ಕ ಇಲಿ ಕಡಿದ ಗೋಣಿಚೀಲವೊಂದನ್ನು ಹಿಡಿದು ಇಳಿದಳು.

"ಸತ್ತಿರೋದು ಒಂದೂ ಇಲ್ಲ. ಬದುಕಿರೋವು ನಮಗಿಂತ ಚೆಂದಾಗವೆ."

ಆಮೇಲೆ ಲಕ್ಕಮ್ಮನ ಕಂಕುಳು, ತೊಡೆಸಂದು ಮುಟ್ಟಿ ನೋಡಿದಳು. ಪ್ಲೇಗಿನ ಗೆಡ್ಡೆ ಎದ್ದಿರಲಿಲ್ಲ. ಇದ್ದದ್ದು ಕೆಮ್ಮು, ಮೈಕೈ ನೋವು, ಕೆಂಪೇರಿದ ಕಣ್ಣು. ಪಾಪಕ್ಕನ ಮಗನಿಗೂ ಇದೇ ಜ್ವರ ಬಂದಿತ್ತು, ಅವನೀಗ ಎದ್ದು ಓಡಾಡುತ್ತಿದ್ದ. ಪಿಲೇಗು ಬಂದವನು ವಾರದೊಳಗೆ ಎದ್ದು ಎರಡನೇ ಮುದ್ದೆ ಕೇಳುತ್ತಾನೆಯೇ ಎಂದು ಮುದ್ದಕ್ಕ ಕೇಳಿದಾಗ ಪಾಪಕ್ಕನ ನಗು ನಿಂತಿತು. ಅವಳೂ ಯೋಚನೆಗೆ ಬಿದ್ದಳು.

ಇನ್ನು ಮಾತಿನ ಮೂಲ ನೋಡಬೇಕಾಗಿತ್ತು. ಕಾಟಪ್ಪನಿಗೆ ಹೇಳಿದವನು ಚಿಕ್ಕರಂಗಯ್ಯ. ಅವನೂ ತನ್ನ ಮನೆ ಮುಂದೆ ಮೂಟೆ ಕಟ್ಟುತ್ತಿದ್ದ. ಕರೆದು ಕೇಳಿದಾಗ, ಶಿರಾದಲ್ಲಿ ಇನಾಯತುಲ್ಲಾ ಸಾಹೇಬರ ಅಂಗಡಿ ಮುಂದೆ ಯಾರೋ ಪೇಪರು ಓದುತ್ತಿದ್ದರು, ಅಲ್ಲಿ ಕೇಳಿದೆ ಎಂದ.

"ಅವ್ರು ಏನಂದ್ರು? ಅದೇ ಮಾತು ಹೇಳು," ಎಂದಳು ಮುದ್ದಕ್ಕ.

ಚಿಕ್ಕರಂಗಯ್ಯ ತಲೆ ಕೆರೆದುಕೊಂಡ. "ಪಿಲೂ ಅಂದ್ರು ಕಣಕ್ಕ. ಪಿಲೇಗನ್ನ ಪೇಪರ್ನಾಗೆ ಅಂಗೆ ಗಿಡ್ಡ ಮಾಡಿ ಬರೀತಾರೆ ಅಂದ್ಕಂಡೆ."

ಅಷ್ಟರಲ್ಲಿ ಹೋಬಳಿಯ ನರ್ಸಮ್ಮ ಅಫ್ಜಲುನ್ನೀಸಾ ಲಕ್ಕಮ್ಮನನ್ನು ನೋಡಲು ಬಂದಳು. ಗಾಡಿಯನ್ನೂ ಜನರನ್ನೂ ನೋಡಿ ಸಂಗತಿ ತಿಳಿದುಕೊಂಡಳು. ನಗಲಿಲ್ಲ. ಮೊದಲು ಲಕ್ಕಮ್ಮನ ಸುತ್ತ ನೆರೆದಿದ್ದವರನ್ನೆಲ್ಲ ಹೊರಗೆ ಕಳುಹಿಸಿದಳು. ಕಾಯಿಲೆಯವರನ್ನು ಮಾತನಾಡಿಸಿಕೊಂಡು ಹೋಗುವುದು ಒಳ್ಳೆಯ ಪದ್ಧತಿಯೇ, ಆದರೆ ಈ ಜ್ವರ ಕೆಮ್ಮಿನಲ್ಲಿ, ಸೀನಿನಲ್ಲಿ ಹರಡುತ್ತದೆ, ಹಾಗೆ ಬಂದವರೇ ಇದನ್ನು ಮನೆಯಿಂದ ಮನೆಗೆ ಹೊತ್ತೊಯ್ದಿದ್ದಾರೆ ಎಂದಳು. ಲಕ್ಕಮ್ಮನ ನಾಡಿ, ಉಸಿರು ನೋಡಿದಳು.

ಇದು ಪ್ಲೇಗಲ್ಲ, ಫ್ಲೂ ಎಂಬ ಜ್ವರ ಎಂದು ಆಮೇಲೆ ಹೇಳಿದಳು. ಈ ವರ್ಷ ಹೊರದೇಶದಿಂದ ಹಡಗಿನಲ್ಲಿ ಮದರಾಸಿಗೆ ಬಂದು ಊರೂರಿಗೆ ಹಬ್ಬಿತು. ಇದಕ್ಕೂ ಇಲಿಗೂ ಸಂಬಂಧವಿಲ್ಲ. ಬಹುಪಾಲು ಜನ ಒಂದು ವಾರದೊಳಗೆ ಏಳುತ್ತಾರೆ, ಸುಸ್ತು ಮಾತ್ರ ಇನ್ನಷ್ಟು ದಿನ ಇರಬಹುದು.

ಕಾಟಪ್ಪನಿಗೆ ಹೆಗಲ ಮೇಲಿನ ಮೂಟೆ ಇಳಿದಂತಾಯಿತು. "ಇಷ್ಟೇನಾ? ನೆಗಡಿ ಅನ್ನು. ಓಬಳಯ್ಯ, ಎತ್ತು ಬಿಚ್ಲಾ. ಲಕ್ಕಮ್ಮನೂ ಎದ್ದು ಓಡಾಡ್ಲಿ, ಮೈ ಹಗುರಾಯ್ತದೆ."

"ಅದೂ ಬ್ಯಾಡ, ಕಾಟಪ್ಪನೋರೆ," ಎಂದಳು ನರ್ಸಮ್ಮ. "ಮೂಟೆ ಇಳಿಸಿ. ಗಾಡಿ ಮಾತ್ರ ಬಾಗ್ಲಾಗೇ ಇರ್ಲಿ."

ಪ್ಲೇಗಲ್ಲ ಅಂದಮೇಲೆ ಗಾಡಿ ಯಾಕೆ ಎಂದು ಕಾಟಪ್ಪ ಕೇಳಿದ. ಬಸುರಿಯರಿಗೆ, ಹಸುಗೂಸುಗಳಿಗೆ, ಮುದುಕರಿಗೆ, ಎದೆಯ ಕಾಯಿಲೆ ಇರುವವರಿಗೆ ಇದೇ ಜ್ವರ ಒಮ್ಮೊಮ್ಮೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಅವಳು ವಿವರಿಸಿದಳು. ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ, ಬಿಟ್ಟ ಜ್ವರ ಮತ್ತೆ ಏರಿದರೆ ಮನೆಮದ್ದು ಹುಡುಕುತ್ತಾ ಕೂರಬಾರದು, ಶಿರಾದ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿಯವರೆಗೆ ಬೇಕಾದದ್ದು ಮಲಗಿ ವಿಶ್ರಾಂತಿ, ಗಂಜಿ, ಕಾಯಿಸಿದ ನೀರು, ಬೇರೆ ಚಾಪೆ, ತೆರೆದ ಕಿಟಕಿ.

ಮುದ್ದಕ್ಕನಿಗೆ ಒಂದು ಪ್ರಶ್ನೆ ಉಳಿದಿತ್ತು. "ಪಿಲೇಗಂತೂ ಅಲ್ಲ, ಬರೀ ನೆಗಡೀನೂ ಅಲ್ಲ ಅಂತೀಯ. ಅಂಗಾರೆ ನಾವು ಎಷ್ಟು ಹೆದರ್ಕಾಬೇಕಮ್ಮ?"

ಅಫ್ಜಲುನ್ನೀಸಾ ಗಾಡಿಯ ಕಡೆ ಕೈ ತೋರಿಸಿದಳು. "ಗಾಡಿ ಬಾಗ್ಲಾಗೆ ನಿಲ್ಸೋಷ್ಟು, ಮುದ್ದಕ್ಕ. ಹತ್ತಿ ಓಡೋಗೋಷ್ಟು ಬ್ಯಾಡ."

ಅವತ್ತು ಯಾರೂ ಊರು ಬಿಡಲಿಲ್ಲ. ಚಿಕ್ಕರಂಗಯ್ಯ ಮೂಟೆ ಬಿಚ್ಚಿದ. ಪಿಲೂ ಬೇರೆ, ಪಿಲೇಗು ಬೇರೆ ಎಂದು ಮನೆಮನೆಗೆ ಹೋಗಿ ಹೇಳುವ ಕೆಲಸವನ್ನು ಮುದ್ದಕ್ಕ ಅವನಿಗೇ ಹಚ್ಚಿದಳು, ಅದೂ ಹೊಸಿಲಿನ ಆಚೆ ನಿಂತೇ ಹೇಳಬೇಕು ಎಂಬ ಷರತ್ತಿನ ಮೇಲೆ. ಲಕ್ಕಮ್ಮನ ಜ್ವರ ಇಳಿಯಿತು. ಗಾಡಿ ಬಾಗಿಲಲ್ಲೇ ಉಳಿಯಿತು. ನೊಗದ ಮೇಲೆ ಕೋಳಿಗಳು ಕೂರತೊಡಗಿದಾಗ ಕಾಟಪ್ಪ ಗೊಣಗಿದ, ಆದರೆ ಅದನ್ನು ಅಲ್ಲಿಂದ ಕದಲಿಸಲಿಲ್ಲ.

ವಾರ ತುಂಬುವ ಮುಂಚೆ ಒಂದು ಮಧ್ಯಾಹ್ನ ಲಕ್ಕಮ್ಮನ ಮೈ ಮತ್ತೆ ಕಾದಿತು. ಮಾತಿನ ನಡುವೆ ಉಸಿರು ಎಳೆದುಕೊಳ್ಳತೊಡಗಿದಳು. ಮಳೆ ಹನಿಯುತ್ತಿತ್ತು. ಬೆಳಗಾಗಲಿ, ನಾಳೆ ನೋಡೋಣ ಎಂದು ಮುದ್ದಕ್ಕನೇ ಅಂದುಕೊಳ್ಳುವಷ್ಟರಲ್ಲಿ ಕಾಟಪ್ಪ ಗಾಡಿಗೆ ಎತ್ತು ಕಟ್ಟಿ ಆಗಿತ್ತು.

"ನಾಳೆ ಅನ್ನೋ ಮಾತು ಈ ಮನ್ಯಾಗೆ ಬ್ಯಾಡ," ಎಂದ. ಸೊಸೆಗೆ ಕಂಬಳಿ ಹೊದಿಸಿ ಗಾಡಿಯಲ್ಲಿ ಮಲಗಿಸಿದರು.

ಓದುಗರೇ, ನಿಮ್ಮೂರಿಗೂ ಫ್ಲೂ ಬಂದಿರಬಹುದು, ಬರಬಹುದು. ಕೇಳಿದ ಮಾತು ಯಾರದ್ದು, ಎಲ್ಲಿಂದ ಬಂತು ಎಂದು ವಿಚಾರಿಸಿ, ಆಮೇಲೆ ಮುಂದಕ್ಕೆ ಹೇಳಿ. ಕೆಮ್ಮುವಾಗ ಸೆರಗೋ ಟವಲ್ಲೋ ಅಡ್ಡ ಹಿಡಿಯಿರಿ. ಜ್ವರವಿದ್ದಾಗ ಸಂತೆಗೂ ಹೋಗಬೇಡಿ, ಮದುವೆಗೂ ಹೋಗಬೇಡಿ. ಮನೆಯಲ್ಲಿ ಬಸುರಿ, ಹಸುಗೂಸು, ವಯಸ್ಸಾದವರು ಇದ್ದರೆ ಅವರ ಉಸಿರಿನ ಮೇಲೆ ಕಣ್ಣಿಡಿ. ಓಡಿಹೋಗಬೇಡಿ, ಉದಾಸೀನವನ್ನೂ ಮಾಡಬೇಡಿ. ನಿಮ್ಮ ಗಾಡಿ ಬಾಗಿಲಲ್ಲಿರಲಿ.

ಶಿರಾದ ವೈದ್ಯರು ಲಕ್ಕಮ್ಮನಿಗೆ ನ್ಯುಮೋನಿಯಾ ಆಗಿದೆ ಎಂದರು, ಇಂಜೆಕ್ಷನ್ ಕೊಟ್ಟು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಅವಳು ಅದೇ ಗಾಡಿಯಲ್ಲಿ ಮನೆಗೆ ಬಂದಳು. ಭಾದ್ರಪದದಲ್ಲಿ ಹೆಣ್ಣು ಮಗು ಹುಟ್ಟಿತು.